ಗಾಳಿಯ ಋಣ

ಮೋಟಾರು ದೋಣಿಗಳು ಸದ್ದು ಮಾಡುತ್ತ ಹಾದುಹೋಗುವ ಹೊಳೆಯಲ್ಲಿ ಹಾಯಿ ಏರಿಸಿಕೊಂಡು ಗಾಳಿಗಾಗಿ ಕಾದು ಕುಳಿತವನನ್ನು ಕಂಡರೆ ನಮ್ಮ ಕರಾವಳಿಯ ಜನ ಎರಡು ಬಗೆಯಾಗಿ ಭಾವಿಸುತ್ತಾರೆ: ಒಂದೋ ಈತನಲ್ಲಿ ಎಣ್ಣೆಗೆ ದುಡ್ಡಿಲ್ಲ, ಇಲ್ಲವೆ ಈತನಿಗೆ ಬೇರೆ ಕೆಲಸವಿಲ್ಲ. ನನ್ನ ಮಟ್ಟಿಗೆ ಎರಡನೆಯ ಮಾತು ಅಷ್ಟಿಷ್ಟು ನಿಜ. ಮುಂಬಯಿಯ ಬ್ಯಾಂಕೊಂದರ ಚಾಕರಿ ಮುಗಿಸಿ, ಹುಟ್ಟೂರಾದ ಹೊನ್ನಾವರದ ಹೊಳೆಯಂಚಿಗೆ ಹಿಂದಿರುಗಿ, ೧೮ ಅಡಿ ಉದ್ದದ ಮರದ ದೋಣಿಯೊಂದರ ಒಡೆಯನೆನಿಸಿಕೊಂಡು ಹದಿನೈದು ವರ್ಷಗಳಾದುವು. ಆದರೆ ಈ ಹುಚ್ಚು ಪಿಂಚಣಿಯ ಜೊತೆಯಲ್ಲಿ ಬಂದುದಲ್ಲ. ಏಳು ವರ್ಷದ ಹುಡುಗನಾಗಿದ್ದಾಗ ಹಿಡಿದದ್ದು, ಎಪ್ಪತ್ತು ದಾಟಿದರೂ ಬಿಟ್ಟಿಲ್ಲ. ಇಷ್ಟು ಕಾಲ ಬಾಳಿದ ಪ್ರೀತಿಗೆ ಸಾಲಗಾರರೂ ಸಾಲ ಕೊಟ್ಟವರೂ ಇದ್ದೇ ಇರುತ್ತಾರೆ. ಬ್ಯಾಂಕಿನಲ್ಲಿ ಬದುಕು ಕಳೆದವನು ಆ ಲೆಕ್ಕವನ್ನು ಒಮ್ಮೆ ಬರೆದಿಡುವುದು ಉಚಿತವೆನಿಸಿತು.

ಕನ್ನಡದ ಓದುಗರಿಗೆ ದೋಣಿ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನಿಗೆ ದೋಣಿ ನಡೆಸುವುದೇ ಕಾಯಕವಾಗಿತ್ತು. ದಾಸರ ಹಾಡುಗಳಲ್ಲಿ ದೇವರೇ ಅಂಬಿಗ, ಸಂಸಾರವೇ ಹೊಳೆ. ಆದರೆ ಅದು ಬಹುಮಟ್ಟಿಗೆ ದಾಟುವ ದೋಣಿ. ಈ ದಡದಿಂದ ಆ ದಡಕ್ಕೆ ಮುಟ್ಟಿಸಿದರೆ ಅದರ ಕೆಲಸ ಮುಗಿಯಿತು. ಅಂಬಿಗನ ತೋಳಿನ ಬಲವೇ ಅಲ್ಲಿ ಮುಖ್ಯ. ಹಾಯಿಯ ದೋಣಿಯ ಸಂಗತಿ ಬೇರೆ. ಅಲ್ಲಿ ಬಲ ನಮ್ಮದಲ್ಲ, ಗಾಳಿಯದು. ನಮ್ಮದು ಬರಿಯ ಅರಿವು. ಶಬ್ದದಲ್ಲಿ ಆಸಕ್ತಿಯುಳ್ಳವರಿಗೆ ಇನ್ನೊಂದು ಮಾತು. ನಮ್ಮ ಹಾಯಿಯ ಒಡಹುಟ್ಟಾದ ತಮಿಳಿನ 'ಪಾಯ್' ಎಂಬ ಮಾತಿಗೆ ಚಾಪೆಯೆಂಬ ಅರ್ಥವೂ ಇದೆ, ಹಾಯಿಯೆಂಬ ಅರ್ಥವೂ ಇದೆ. ಹಾಸಿದರೆ ಚಾಪೆ, ಎತ್ತಿ ಕಟ್ಟಿದರೆ ಹಾಯಿ. ಈ ಮಾತನ್ನು ಓದುಗರು ನೆನಪಿಟ್ಟಿರಲಿ, ಮುಂದೆ ಬೇಕಾಗುತ್ತದೆ.

ಹೊನ್ನಾವರ ಶರಾವತಿಯು ಕಡಲನ್ನು ಸೇರುವ ಊರು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಇಬ್ನ್ ಬತೂತನು ಊರಿನಲ್ಲಿ ಗಂಡುಮಕ್ಕಳಿಗೆ ೨೩ ಶಾಲೆಗಳೂ ಹೆಣ್ಣುಮಕ್ಕಳಿಗೆ ೧೩ ಶಾಲೆಗಳೂ ಇದ್ದುವೆಂದು ಬರೆದಿಟ್ಟಿದ್ದಾನೆ. ಶಿಕ್ಷಕ ಮಿತ್ರರು ಗಮನಿಸತಕ್ಕ ಸಂಗತಿ. ಆ ಶಾಲೆಗಳನ್ನು ಸಾಕಿದ್ದು ಕಡಲ ವ್ಯಾಪಾರವಲ್ಲದೆ ಮತ್ತೇನಿದ್ದೀತು? ಘಟ್ಟದ ಮೆಣಸು ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ಹೊಳೆಯ ಮೇಲೆ ಹೊನ್ನಾವರಕ್ಕೆ ಬಂದು, ಹಾಯಿಹಡಗು ಹತ್ತಿ ದೂರದೇಶಗಳಿಗೆ ಹೋಗುತ್ತಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆದರು. ನನ್ನ ಬಾಲ್ಯದ ಹೊತ್ತಿಗೆ ರಾಣಿಯೂ ಇರಲಿಲ್ಲ, ಪೋರ್ಚುಗೀಸರೂ ಇರಲಿಲ್ಲ. ಆದರೆ ಹೊಳೆಯಿತ್ತು, ಹಾಯಿಯಿತ್ತು, ಉಬ್ಬರದ ನೀರು ಹಿಡಿದು ಮೇಲಕ್ಕೆ ಹೋಗಿ ಇಳಿತದ ಜೊತೆ ಹಿಂದಿರುಗುವ ದೋಣಿಗಳ ಸಾಲಿತ್ತು.

ನಮ್ಮ ತಂದೆ ಪ್ರಾಥಮಿಕ ಶಾಲೆಯ ಮಾಸ್ತರರು. ನಮ್ಮ ಮನೆಯ ಹಿತ್ತಿಲಿಗೆ ತಾಗಿದಂತೆ ಒಬ್ಬ ಅಂಬಿಗರ ಅಜ್ಜನ ಗುಡಿಸಲು. ಹರೆಯದಲ್ಲಿ ಸರಕಿನ ಮಚ್ವೆಗಳಲ್ಲಿ ಮಂಗಳೂರು, ಮುಂಬಯಿಗಳನ್ನು ಕಂಡುಬಂದವನು. ಆಗ ಹೊಳೆಯಲ್ಲೂ ಅಳಿವೆಯಾಚೆಗೂ ಬಲೆ ಬೀಸಿ ಬದುಕುತ್ತಿದ್ದ. ಅವನ ಬಳಿ ಒಂದೇ ಮಾವಿನ ಮರವನ್ನು ತೋಡಿ ಮಾಡಿದ ಪುಟ್ಟ ಪಾತಿಯೊಂದಿತ್ತು. ಹಿಟ್ಟಿನ ಚೀಲಗಳನ್ನು ಬಿಡಿಸಿ ಹೊಲಿದ ಹಾಯಿ, ಬಿದಿರಿನ ಕೂವೆ, ಚುಕ್ಕಾಣಿಗೆ ಬದಲಾಗಿ ಹಿಂದೆ ಹಿಡಿಯುವ ಹುಟ್ಟು. ರಜೆಯ ದಿನಗಳಲ್ಲಿ ಅಜ್ಜ ನನ್ನನ್ನು ಅದರ ಮುಂಭಾಗದಲ್ಲಿ ಕೂರಿಸುತ್ತಿದ್ದ. ಭಾರಕ್ಕೆ ಆಗುತ್ತದೆ ಎಂಬುದು ಅವನು ಕೊಟ್ಟ ಕಾರಣ.

ಅವನು ಪಾಠವೆಂದು ಏನನ್ನೂ ಹೇಳಿದವನಲ್ಲ. ನನ್ನ ಕಣ್ಣು ಸದಾ ಹಾಯಿಯ ಮೇಲೆಯೇ ಇರುವುದನ್ನು ಕಂಡು ಒಮ್ಮೆ ಮಾತ್ರ, "ಅಲ್ಲಿ ಎಂತ ನೋಡ್ತೆ, ತಮ್ಮಾ? ಗಾಳಿ ಮೊದಲು ನೀರಿಗೆ ಬರ್ತದೆ, ಆಮೇಲೆ ಹಾಯಿಗೆ" ಎಂದ. ಅಂದು ನೀರನ್ನು ನೋಡಲು ಕಲಿತೆ. ದೂರದಲ್ಲಿ ಹೊಳೆಯ ಮೈ ಸಣ್ಣಗೆ ನಡುಗಿ ಕಪ್ಪಾದರೆ ಅಲ್ಲಿ ಗಾಳಿಯಿದೆ. ಎಣ್ಣೆ ಸವರಿದಂತೆ ನುಣುಪಾಗಿದ್ದರೆ ಇಲ್ಲ. ಆ ಕಪ್ಪು ನಮ್ಮೆಡೆಗೆ ಸರಿದು ಬರುವಷ್ಟರಲ್ಲಿ ಹಗ್ಗ ಬಿಗಿಯುವುದೋ ಸಡಿಲಿಸುವುದೋ ತೀರ್ಮಾನವಾಗಿರಬೇಕು. ಪುಸ್ತಕದ ಅಕ್ಷರಗಳನ್ನು ತಂದೆ ಕಲಿಸಿದರು. ನೀರಿನ ಅಕ್ಷರಗಳನ್ನು ಈ ನಿರಕ್ಷರಿ ಕಲಿಸಿದ.

ಮಳೆಗಾಲ ಕಳೆದ ಮೇಲೆ ನಮ್ಮ ಪಡುವಣ ಕರಾವಳಿಯ ಗಾಳಿಗೆ ಒಂದು ದಿನಚರಿಯಿದೆ. ರಾತ್ರಿ ನೆಲ ಬೇಗ ತಣಿಯುತ್ತದೆ; ಕಡಲು ತಣಿಯುವುದು ನಿಧಾನ. ಆದುದರಿಂದ ಬೆಳಗಿನ ಜಾವದಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಹಗಲಿನಲ್ಲಿ ನೆಲ ಕಾದು ಅದರ ಮೇಲಿನ ಗಾಳಿ ಹಗುರಾಗಿ ಏರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ನೆಲಕ್ಕೆ ಗಾಳಿ ತಿರುಗುತ್ತದೆ. ಶಾಲೆಯ ಭೂಗೋಳದಲ್ಲಿ ಇದು ಎರಡು ಅಂಕಗಳ ಪ್ರಶ್ನೆ. ಆದರೆ ಕರಾವಳಿಯ ದುಡಿಮೆಯೆಲ್ಲ ಇದರ ಮೇಲೆ ನಿಂತಿತ್ತು. ನಸುಕಿನ ನೆಲಗಾಳಿ ದೋಣಿಯನ್ನು ಕಡಲಿಗೆ ಕೊಂಡೊಯ್ಯುತ್ತಿತ್ತು. ಮಧ್ಯಾಹ್ನದ ಕಡಲಗಾಳಿ ಮೀನಿನೊಡನೆ ಮನೆಗೆ ತರುತ್ತಿತ್ತು. ಕೂಲಿ ಕೇಳದ ಎರಡು ಆಳುಗಳು. ಮುಂಗಾರು ಬಂದರೆ ಇಬ್ಬರಿಗೂ ರಜೆ. ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆ ಮತ್ತೆ ದುಡಿಮೆ.

ಇಷ್ಟರಿಂದ ಅಜ್ಜನಿಗೂ ಹಾಯಿಯ ಮೇಲೆ ನನ್ನಂತೆಯೇ ಮೋಹವಿತ್ತೆಂದು ಬಗೆದರೆ ಅದು ಅವನ ಬದುಕಿಗೆ ಅನ್ಯಾಯ. ಹೊನ್ನಾವರದ ಅಳಿವೆ ಸುಲಭದ್ದಲ್ಲ. ಹೊಳೆ ತಂದು ಸುರಿಯುವ ಮರಳು ಬಾಯಿಯಲ್ಲಿ ದಿಬ್ಬಗಟ್ಟುತ್ತದೆ, ದಿಬ್ಬ ಸ್ಥಳ ಬದಲಿಸುತ್ತದೆ, ಅದರ ಮೇಲೆ ತೆರೆಗಳು ಒಡೆಯುತ್ತವೆ. ಅವನ ತಮ್ಮನ ದೋಣಿ ಒಂದು ಸಂಜೆ ಅಲ್ಲಿಗೆ ಬರುವಷ್ಟರಲ್ಲಿ ಗಾಳಿ ಸತ್ತುಹೋಯಿತು. ಹಾಯಿ ಜೋತುಬಿತ್ತು, ಇಳಿತದ ಸೆಳೆತ ದೋಣಿಯನ್ನು ಅಡ್ಡ ತಿರುಗಿಸಿತು, ದಿಬ್ಬದ ತೆರೆ ಉಳಿದ ಕೆಲಸ ಮಾಡಿತು. ಅಜ್ಜ ಇದನ್ನು ಒಂದೇ ಸಲ ಹೇಳಿದ್ದ, ಬಲೆಯ ಹರಕು ಹೆಣೆಯುತ್ತ, ತಲೆಯೆತ್ತದೆ.

೧೯೭೬ರಲ್ಲಿ, ಮುಂಬಯಿಯಿಂದ ರಜೆಯ ಮೇಲೆ ಬಂದಾಗ, ಅವನ ಮಗನ ದೋಣಿಗೆ ಎಂಜಿನು ಬಂದಿತ್ತು. ಕರಾವಳಿಯ ಉದ್ದಕ್ಕೂ ಅದೇ ಬದಲಾವಣೆಯ ಕಾಲ. ಊರೆಲ್ಲ ಸೇರಿ ದಡಕ್ಕೆ ಎಳೆಯುತ್ತಿದ್ದ ರಾಂಪಣಿ ಬಲೆಗೂ ಆ ದಶಕದಲ್ಲಿಯೇ ಮುಪ್ಪು ಬಂತು. ಯಂತ್ರದ ದೋಣಿ ಕಡಲಿನಲ್ಲಿಯೇ ಸುತ್ತುಬಲೆ ಹಾಕತೊಡಗಿತು. ಅಜ್ಜನ ಅಂಗಳದಲ್ಲಿ ಹಳೆಯ ಹಾಯಿ ನೆಲಕ್ಕೆ ಹಾಸಿತ್ತು. ಅದರ ಮೇಲೆ ಮೀನು ಒಣಗುತ್ತಿತ್ತು. ಹಾಯಿ ಮತ್ತೆ ಚಾಪೆಯಾಗಿತ್ತು.

"ಬೇಜಾರಾಗ್ಲಿಲ್ವಾ, ಅಜ್ಜಾ?" ಎಂದು ಕೇಳಿದೆ.

"ಬೇಜಾರು ಯಾಕೆ, ತಮ್ಮಾ? ಗಾಳಿ ಕಾಯೂದು ನಿನಗೆ ಆಟ. ನಮಗೆ ಅದು ಹೊಟ್ಟೆ. ಗಾಳಿ ಬರದ ದಿನ ಒಲೆ ಹೊತ್ತೂದಿಲ್ಲ."

ಈ ಮಾತಿಗೆ ಉತ್ತರ ಕೊಡುವುದು ಸಾಧ್ಯವೇ ಎಂದು ಐವತ್ತು ವರ್ಷಗಳಿಂದ ಯೋಚಿಸುತ್ತಿದ್ದೇನೆ. ಈ ಲೇಖನವೂ ಆ ಯೋಚನೆಯ ಒಂದು ತುಂಡು.

ಅಷ್ಟು ಹೊತ್ತಿಗೆ ನನ್ನ ಆಟ ಬಹಳ ಮುಂದುವರಿದಿತ್ತು. ಮಂಗಳೂರಿನ ಕಾಲೇಜಿನಲ್ಲಿ ಎನ್.ಸಿ.ಸಿ.ಯ ನೌಕಾ ವಿಭಾಗವನ್ನು ಸೇರಿದ್ದೆ. ಅಲ್ಲಿ ನಮಗೆ ಸಿಕ್ಕಿದ್ದು ೨೭ ಅಡಿಯ 'ವೇಲರ್' ದೋಣಿ: ಎರಡು ಕೂವೆ, ಐದು ಹುಟ್ಟು. ನೇತ್ರಾವತಿ, ಫಲ್ಗುಣಿಗಳು ಕೂಡುವ ನೀರಿನಲ್ಲಿ ನಮ್ಮ ಕವಾಯತು. ಹಳೆಯ ಬಂದರದ ದಕ್ಕೆಯಲ್ಲಿ ಆಗಿನ್ನೂ ಹಾಯಿಹಡಗುಗಳು ನಿಲ್ಲುತ್ತಿದ್ದುವು. ಈಗ ಲಕ್ಷದ್ವೀಪವೆನ್ನುವ ದ್ವೀಪಗಳಿಂದ ತೆಂಗಿನ ನಾರನ್ನೂ ಕೊಬ್ಬರಿಯನ್ನೂ ತಂದು, ಅಕ್ಕಿ ತುಂಬಿಕೊಂಡು ಹಿಂದಿರುಗುವ ಓಡಗಳು ಅವು. ಅವುಗಳಲ್ಲಿ ಉತ್ತರದ ಅಮಿನ್‌ದೀವಿ ದ್ವೀಪಗಳು ೧೯೫೬ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವೆಂಬುದು ಈಗ ಎಷ್ಟು ಜನರಿಗೆ ನೆನಪಿದೆಯೋ!

ಮುಂಬಯಿಯಲ್ಲಿ ಚಾಕರಿಗೆ ನಿಂತ ಮೇಲೆ ಇನ್ನೊಂದು ಲೋಕ ತೆರೆಯಿತು. ಅಲ್ಲಿಯ ರಾಯಲ್ ಬಾಂಬೆ ಯಾಟ್ ಕ್ಲಬ್ ೧೮೪೬ರಷ್ಟು ಹಿಂದಿನದು. ಕ್ಲಬ್ಬುಗಳ ಸದಸ್ಯತ್ವ ಗುಮಾಸ್ತನ ಸಂಬಳಕ್ಕೆ ನಿಲುಕುವಂಥದಲ್ಲ. ಆದರೆ ವಿನೋದದ ದೋಣಿಗಳಲ್ಲಿ ಒಂದು ಅನುಕೂಲವಿದೆ: ಅನೇಕವಕ್ಕೆ ಇಬ್ಬರು ಬೇಕು. ಒಡೆಯ ಚುಕ್ಕಾಣಿ ಹಿಡಿದರೆ ಮುಂದಿನ ಹಾಯಿಯ ಹಗ್ಗ ಹಿಡಿದು, ದೋಣಿ ವಾಲಿದಾಗ ಎದುರು ಬದಿಗೆ ಮೈಚಾಚಿ ಭಾರ ಕೊಡುವ ಸಂಗಡಿಗನೊಬ್ಬ ಬೇಕು. ಭಾರ ಕೊಡುವುದರಲ್ಲಿ ನನಗೆ ಬಾಲ್ಯದಿಂದಲೇ ಅನುಭವವಿತ್ತಲ್ಲ! ಹೀಗೆ ಅನ್ಯರ ದೋಣಿಗಳಲ್ಲಿ ಗೇಟ್‌ವೇ ಎದುರಿನ ನೀರಿನಲ್ಲಿ ಎಷ್ಟೋ ಭಾನುವಾರಗಳು ಕಳೆದುವು.

ಆ ದೋಣಿಗಳಲ್ಲಿ ನನಗೆ ಪ್ರಿಯವಾದದ್ದು 'ಎಂಟರ್‌ಪ್ರೈಸ್'. ಇಂಗ್ಲೆಂಡಿನ ಜಾಕ್ ಹೋಲ್ಟ್ ೧೯೫೬ರಲ್ಲಿ ರೂಪಿಸಿದ್ದು. ಉದ್ದ ಸುಮಾರು ೪ ಮೀಟರು. ಹಾಯಿಗಳ ಬಣ್ಣ ನೀಲಿ. ಪ್ಲೈವುಡ್ಡಿನಲ್ಲಿ, ಸಾಮಾನ್ಯ ಗೃಹಸ್ಥನೂ ಕಟ್ಟಿಕೊಳ್ಳಬಹುದಾದ ದೋಣಿ. ಇಂದು ಲೋಕದೆಲ್ಲೆಡೆ ಮಕ್ಕಳು ಕಲಿಯುವ 'ಆಪ್ಟಿಮಿಸ್ಟ್' ಎಂಬ ಪುಟ್ಟ ದೋಣಿಯ ಹುಟ್ಟೂ ಇಂಥದೇ. ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ ೧೯೪೭ರಲ್ಲಿ ಪ್ಲೈವುಡ್ಡಿನ ಹಲಗೆಗಳಿಂದ ಅದನ್ನು ಮಾಡಿದ. ಶ್ರೀಮಂತರ ವಿನೋದವೆನಿಸಿದ್ದ ವಿದ್ಯೆಯನ್ನು ಬಡಗಿಯ ಕೈಗೆ ನಿಲುಕಿಸಿದ ಇವರಿಬ್ಬರನ್ನೂ ನಾನು ಪುಣ್ಯವಂತರೆನ್ನುತ್ತೇನೆ. ೧೯೮೨ರ ಏಷ್ಯನ್ ಕ್ರೀಡಾಕೂಟದ ಹಾಯಿದೋಣಿ ಪಂದ್ಯಗಳು ಮುಂಬಯಿಯಲ್ಲಿ ನಡೆದಾಗ ಫಾರೂಖ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ನಮಗೆ ಚಿನ್ನ ಗೆದ್ದುಕೊಟ್ಟರು. ನಾವು ಭಾನುವಾರದ ಸಂಗಡಿಗರು ಒಂದು ವಾರ ಎದೆಯುಬ್ಬಿಸಿ ನಡೆದೆವು.

ಅಜ್ಜನ ಪಾತಿಯಲ್ಲಿ ಕಾಣದಿದ್ದ ಒಂದು ವಿಸ್ಮಯವನ್ನು ಎಂಟರ್‌ಪ್ರೈಸ್ ತೋರಿಸಿತು. ಗಾಳಿ ಹಿಂದಿನಿಂದ ನೂಕಿದರೆ ದೋಣಿ ಮುಂದೆ ಹೋಗುವುದನ್ನು ಯಾರೂ ಊಹಿಸಬಲ್ಲರು. ಗಾಳಿ ಬರುವ ಕಡೆಗೇ ಹೋಗುವುದು ಹೇಗೆ? ಓರೆಯಾಗಿ ಬಿಗಿದ ಹಾಯಿಯ ಉಬ್ಬಿನ ಮೇಲೆ ಗಾಳಿ ಬಾಗಿ ಹರಿಯುವಾಗ ಉಬ್ಬಿನ ಹೊರಬದಿಯಲ್ಲಿ ಒತ್ತಡ ತಗ್ಗುತ್ತದೆ. ವಿಮಾನದ ರೆಕ್ಕೆಯನ್ನು ಎತ್ತುವ ಬಲವೇ ಹಾಯಿಯನ್ನು ಅತ್ತ ಎಳೆಯುತ್ತದೆ. ಆ ಎಳೆತದ ಹೆಚ್ಚಿನ ಪಾಲು ದೋಣಿಯನ್ನು ಅಡ್ಡಕ್ಕೆ ಸರಿಸುವಂಥದು. ಅದನ್ನು ತಡೆಯಲೆಂದು ದೋಣಿಯ ನಡುವೆ ಒಂದು ಹಲಗೆಯನ್ನು ನೀರಿಗೆ ಇಳಿಬಿಟ್ಟಿರುತ್ತಾರೆ. ಅಡ್ಡದ ದಾರಿ ಮುಚ್ಚಿದಾಗ ಉಳಿದ ಪಾಲು ದೋಣಿಯನ್ನು ಮುಂದಕ್ಕೆ ಒಯ್ಯುತ್ತದೆ. ನೇರವಾಗಿ ಗಾಳಿಯ ಮುಖಕ್ಕೆ ಹೋಗಲಾಗದು. ಸುಮಾರು ೪೫ ಅಂಶಗಳ ಓರೆಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತ ಏರಬಹುದು. ಅಜ್ಜನ ಪಾತಿಗೆ ಅಂಥ ಹಲಗೆಯಿರಲಿಲ್ಲ. ಎದುರುಗಾಳಿಯಲ್ಲಿ ಅವನಿಗೆ ಉಳಿದದ್ದು ಹುಟ್ಟು ಮತ್ತು ರಟ್ಟೆ.

ಅನ್ಯರ ದೋಣಿಯಲ್ಲಿ ಮೂವತ್ತು ವರ್ಷ ಕುಳಿತವನಿಗೆ ಸ್ವಂತದ್ದೊಂದು ಬೇಕೆನಿಸುವುದು ಸಹಜ. ಈ ಆಸೆಗೆ ಗೊಬ್ಬರ ಹಾಕಿದ್ದು ಜೋಶುವಾ ಸ್ಲೋಕಮ್ ಎಂಬ ಹಡಗಿನ ಕಪ್ತಾನನ ವೃತ್ತಾಂತ. ಉಗಿಹಡಗುಗಳ ದೆಸೆಯಿಂದ ಹಾಯಿಯ ಕಸಬು ಸೊರಗಿದಾಗ ಆತನಿಗೆ ಸ್ನೇಹಿತನೊಬ್ಬ 'ಸ್ಪ್ರೇ' ಎಂಬ ಮುರುಕು ದೋಣಿಯನ್ನು ದಾನ ಮಾಡಿದ. ಹೊಲವೊಂದರಲ್ಲಿ ಬಿದ್ದಿದ್ದ ಅದನ್ನು ಸ್ಲೋಕಮ್ ೧೩ ತಿಂಗಳು ಸ್ವಂತ ಕೈಯಿಂದ ಪುನಃ ಕಟ್ಟಿದ. ತಗಲಿದ ವೆಚ್ಚ ೫೫೩ ಡಾಲರು ೬೨ ಸೆಂಟು. ಆ ಮೂವತ್ತೇಳು ಅಡಿಯ ದೋಣಿಯಲ್ಲಿ ೧೮೯೫ರಿಂದ ೧೮೯೮ರವರೆಗೆ ಒಬ್ಬನೇ ಭೂಮಂಡಲವನ್ನು ಸುತ್ತಿಬಂದ. ಹಾಗೆ ಸುತ್ತಿದವರಲ್ಲಿ ಅವನೇ ಮೊದಲಿಗ. ಇಷ್ಟಾದರೂ ಆತನಿಗೆ ಈಜು ಬರುತ್ತಿರಲಿಲ್ಲವಂತೆ.

ನನಗೆ ದೋಣಿಯನ್ನು ಯಾರೂ ದಾನ ಮಾಡಲಿಲ್ಲ. ಉಳಿತಾಯದ ಹಣದಿಂದ ಒಂದು ಹಳೆಯದನ್ನು ಕೊಂಡೆ. ಹೆಬ್ಬಲಸಿನ ಹಲಗೆಯದು, ಮೈ ಗಟ್ಟಿ, ಸಂದುಗಳು ಸಡಿಲ. ಊರಿನ ಆಚಾರಿ ಸಂದುಗಳಿಗೆ ಹತ್ತಿ ತುಂಬಿ, ಎಣ್ಣೆಯಲ್ಲಿ ಕುದಿಸಿದ ರಾಳ ಮೆತ್ತಿದ. ನಾನು ಕಾಗದದ ಮೇಲೆ ಬರೆದು ತೋರಿಸಿದ ನಡುಹಲಗೆಯನ್ನು ಅನುಮಾನದಿಂದಲೇ ಕೂರಿಸಿಕೊಟ್ಟ. ಒಡೆತನವೆಂದರೆ ಏನೆಂಬುದು ಅನಂತರ ತಿಳಿಯಿತು. ಮಳೆಗಾಲಕ್ಕೆ ಮೊದಲು ದಡಕ್ಕೆ ಎಳೆಯಬೇಕು, ಅಂಟಿದ ಚಿಪ್ಪುಗಳನ್ನು ಕೆರೆಯಬೇಕು, ಗೇರೆಣ್ಣೆ ಬಳಿಯಬೇಕು. ಮರ ಕೊರೆಯುವ ಹುಳುವಿನ ಕಾಟ ಬೇರೆ. ಹೆಸರಿಗೆ ಅದು ಹುಳು, ಜಾತಿಯಲ್ಲಿ ಚಿಪ್ಪಿಮೀನಿನ ಬಂಧು. ಹೊರಗಿನಿಂದ ಸೂಜಿಯ ತೂತು, ಒಳಗೆ ಸುರಂಗ. ವರ್ಷದಲ್ಲಿ ನಾನು ದೋಣಿಯನ್ನು ನಡೆಸುವ ದಿನಗಳಿಗಿಂತ ದೋಣಿ ನನ್ನನ್ನು ದುಡಿಸುವ ದಿನಗಳೇ ಹೆಚ್ಚು. ಕೊಂಡ ದೋಣಿಯ ಒಡೆಯ ನಾನು ಸರಿ. ಗಾಳಿಯನ್ನು ಮಾತ್ರ ಇಂದಿಗೂ ಅಜ್ಜನಂತೆಯೇ ಕಾಯುತ್ತೇನೆ.

ಈಚಿನ ದಶಕಗಳಲ್ಲಿ ನಮ್ಮ ದೇಶದ ಹಾಯಿಗೆ ಕೀರ್ತಿಯೇನೂ ಕಡಿಮೆಯಿಲ್ಲ. ಸೇನೆಯ ಎಂಜಿನಿಯರರ 'ತೃಷ್ಣಾ' ೧೯೮೫–೮೭ರಲ್ಲಿ ಭೂಮಿಯನ್ನು ಸುತ್ತಿತು. ದಿಲೀಪ್ ದೋಂದೆ ೨೦೦೯–೧೦ರಲ್ಲಿ 'ಮ್ಹಾದೇಯಿ' ದೋಣಿಯಲ್ಲಿ ಒಬ್ಬಂಟಿಯಾಗಿ ಸುತ್ತಿಬಂದರು. ಅಭಿಲಾಷ್ ಟಾಮಿ ೨೦೧೨–೧೩ರಲ್ಲಿ ಅದೇ ದೋಣಿಯಲ್ಲಿ ಎಲ್ಲಿಯೂ ತಂಗದೆ ಸುತ್ತಿದರು. ೨೦೧೭–೧೮ರಲ್ಲಿ ನೌಕಾದಳದ ಆರು ಮಂದಿ ಮಹಿಳೆಯರು 'ತಾರಿಣಿ'ಯಲ್ಲಿ ಆ ಸಾಹಸ ಮಾಡಿದರು. ಆದರೆ ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ನಮ್ಮ ಕಾರವಾರದಲ್ಲಿ ೨೦೨೫ರ ಮೇ ತಿಂಗಳಲ್ಲಿ ನೌಕಾದಳವನ್ನು ಸೇರಿದ 'ಕೌಂಡಿನ್ಯ'. ಅಜಂತೆಯ ಚಿತ್ರವೊಂದರಲ್ಲಿ ಕಾಣುವ ಐದನೆಯ ಶತಮಾನದ ಹಡಗಿನ ಮಾದರಿ ಅದು. ಹಲಗೆಗಳನ್ನು ಮೊಳೆಯಿಂದ ಜಡಿದಿಲ್ಲ. ತೆಂಗಿನ ನಾರಿನ ಹುರಿಯಿಂದ ಹೊಲಿದಿದೆ. ಹೊಲಿದವರು ಕೇರಳದ ಬಾಬು ಶಂಕರನ್ ಮತ್ತು ಅವರ ಸಂಗಡಿಗರು. ನಕ್ಷೆಯಿಲ್ಲ, ಕೈಪಿಡಿಯಿಲ್ಲ, ಮದರಾಸಿನ ಐ.ಐ.ಟಿ.ಯಲ್ಲಿ ಮಾದರಿಯನ್ನು ನೀರಿಗೆ ಬಿಟ್ಟು ಪರೀಕ್ಷಿಸಬೇಕಾಯಿತು. ಅದೇ ವರ್ಷದ ಕೊನೆಯಲ್ಲಿ ಪೋರಬಂದರಿನಿಂದ ಹೊರಟ ಆ ಹಡಗು ೨೦೨೬ರ ಜನವರಿಯಲ್ಲಿ ಮಸ್ಕತ್ತನ್ನು ಮುಟ್ಟಿತು.

ಹಿಗ್ಗುವ ಸಂಗತಿಯೇ ಸರಿ. ಆದರೆ ಒಂದು ಕಾಲಕ್ಕೆ ಕರಾವಳಿಯ ಬಡಗಿಗಳಿಗೂ ತಾಂಡೇಲರಿಗೂ ಕರತಲಾಮಲಕವಾಗಿದ್ದುದನ್ನು ಮತ್ತೆ ಪಡೆಯಲು ಒಂದು ಸರ್ಕಾರ, ಒಂದು ನೌಕಾದಳ, ಒಂದು ಮಹಾವಿದ್ಯಾಸಂಸ್ಥೆ ಕೂಡಬೇಕಾಯಿತು. ಕಳೆದುಕೊಳ್ಳುವುದು ಅಗ್ಗ, ಮರಳಿ ಕೊಳ್ಳುವುದು ದುಬಾರಿ.

ಹಾಗೆಂದು ಅಜ್ಜನನ್ನು ದೂರಲಾದೀತೆ? ತಮ್ಮನನ್ನು ಗಾಳಿಯಿಲ್ಲದ ಸಂಜೆಯಲ್ಲಿ ಕಳೆದುಕೊಂಡವನಿಗೆ, ಒಲೆ ಹೊತ್ತದ ದಿನಗಳನ್ನು ಎಣಿಸಿದವನಿಗೆ, ಹಾಯಿಯನ್ನು ಮಡಿಚಿಡುವ ಹಕ್ಕು ಪೂರ್ತಿಯಾಗಿ ಇತ್ತು. ಹೊಟ್ಟೆಗಾಗಿ ಕಲಿತ ವಿದ್ಯೆಯನ್ನು ಹೊಟ್ಟೆಗಾಗಿಯೇ ಬಿಟ್ಟ. ಅವನು ಬಿಟ್ಟುದನ್ನು ಹಿಡಿದುಕೊಳ್ಳುವ ಬಿಡುವು ನನಗಿದೆ. ಆ ಬಿಡುವನ್ನು ನನಗೆ ಒದಗಿಸಿದ್ದು ತಿಂಗಳ ಸಂಬಳ, ಈಗ ಪಿಂಚಣಿ. ಬಿಡುವಿನಿಂದ ಹುಟ್ಟಿದ ಪ್ರೀತಿಯನ್ನು ಕೆಲವರು ಹಗುರವಾಗಿ ಕಾಣುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ. ಬದುಕಿಗೆ ಬೇಕಿಲ್ಲವಾದ ವಿದ್ಯೆಯನ್ನು ಕಾಯುವ ಹೊಣೆ ಬಿಡುವುಳ್ಳವರದಲ್ಲದೆ ಇನ್ನಾರದು? ಹಳಗನ್ನಡದ ವ್ಯಾಕರಣವನ್ನು ಕಾಯುತ್ತಿರುವ ನಮ್ಮ ಮೇಷ್ಟರುಗಳು ಮಾಡುತ್ತಿರುವುದೂ ಇದನ್ನೇ ಅಲ್ಲವೆ? ಅಜ್ಜನಿಗೆ ಕೊಡಬೇಕಾಗಿದ್ದ ಉತ್ತರ ಬಹುಶಃ ಇಷ್ಟು: ನನಗೆ ಅದು ಆಟವೇ ಸರಿ, ಆದರೆ ನೀನು ಕಲಿಸಿದ ಆಟ, ಆದುದರಿಂದ ನನ್ನ ಕೈಯಲ್ಲಿ ಮುಗಿಯಗೊಡಲಾರೆ.

ಹೋದ ವರ್ಷ ವಸತಿಗೃಹವೊಂದರ ಯಜಮಾನರು ಬಂದು ದೋಣಿಗೆ ಒಳ್ಳೆಯ ಬೆಲೆ ಹೇಳಿದರು. ಹುಲ್ಲುಹಾಸಿನ ಮೇಲಿಟ್ಟು, ಒಳಗೆ ಮಣ್ಣು ತುಂಬಿ, ಹೂಗಿಡ ನೆಡುವ ಯೋಚನೆ ಅವರದು. ನನ್ನ ವಯಸ್ಸನ್ನೂ ಬೆನ್ನುನೋವನ್ನೂ ನೆನೆದರೆ ತಳ್ಳಿಹಾಕುವ ಮಾತಾಗಿರಲಿಲ್ಲ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಅಲ್ಲಿ ಹಲಸೂರಿನ ಕೆರೆಯ ಮೇಲೆ ಸೇನೆಯವರು ಹಾಯಿ ಕಟ್ಟುವುದನ್ನು ಅವರು ನೋಡಿದ್ದಾರೆ, ಅಷ್ಟರಿಂದಲೇ ತೃಪ್ತರು. ಎರಡು ದಿನ ಯೋಚಿಸಿ, ಬೇಡವೆಂದು ಹೇಳಿಕಳಿಸಿದೆ.

ಬೇಡವೆನ್ನಲು ಕಾರಣರಾದವರು ಮೂವರು. ಅಜ್ಜನ ಮೊಮ್ಮಗನಿಗೆ ಈಗ ಯಂತ್ರದ ಮೀನುದೋಣಿಯಿದೆ. ಅವನ ಮಗಳು ಎಂಟನೆಯ ತರಗತಿಯವಳು. ಅವಳೂ ಅವಳ ಜೊತೆಯ ಇಬ್ಬರು ಹುಡುಗರೂ ಭಾನುವಾರಗಳಲ್ಲಿ ನನ್ನ ದೋಣಿಗೆ ಬರುತ್ತಾರೆ. ಈಜು ಬರದವರನ್ನು ಹತ್ತಿಸುವುದಿಲ್ಲವೆಂಬುದು, ತೇಲುಕವಚ ತೊಡದೆ ಹಗ್ಗ ಮುಟ್ಟಬಾರದೆಂಬುದು ನನ್ನ ಶಾಸನ. ಅಳಿವೆಯ ಕಡೆಗೆ ಮುಖ ಮಾಡುವುದಿಲ್ಲವೆಂಬುದು ಅವಳ ತಂದೆಗೆ ನಾನು ಕೊಟ್ಟ ಮಾತು. ಇದರಿಂದ ಏನು ಪ್ರಯೋಜನವೆಂದು ಅವನು ಮೊದಮೊದಲು ಕೇಳುತ್ತಿದ್ದ. ಈಚೆಗೆ ಕಡಲಿನಲ್ಲಿ ಎಂಜಿನು ಕೆಟ್ಟು ಐದು ಗಂಟೆ ತೇಲಿ ಬಂದ ಮೇಲೆ ಆ ಪ್ರಶ್ನೆಯನ್ನು ಬಿಟ್ಟು, ತನ್ನ ದೋಣಿಯಲ್ಲಿ ಮಡಿಚಿಡುವಂಥ ಒಂದು ಸಣ್ಣ ಹಾಯಿಗೆ ಎಷ್ಟು ಬಟ್ಟೆ ಬೇಕೆಂದು ಕೇಳಿದ. ಲೆಕ್ಕ ಹಾಕಿ ಕೊಟ್ಟಿದ್ದೇನೆ.

ಈ ಮಳೆಗಾಲದಲ್ಲಿ ದೋಣಿಯ ತಳದ ಎರಡು ಹಲಗೆಗಳನ್ನು ಬದಲಿಸಬೇಕಾಗಿದೆ. ಆಚಾರಿ ಕಣ್ಣು ಮಂಜಾಗಿದೆಯೆಂದು ಒಲ್ಲೆನೆಂದಿದ್ದ. ತನ್ನ ಕೈಕೆಳಗೆ ಆ ಹುಡುಗರಲ್ಲೊಬ್ಬನನ್ನು ಬಿಟ್ಟರೆ ಮಾಡಿಕೊಡುತ್ತೇನೆಂದು ಈಗ ಒಪ್ಪಿದ್ದಾನೆ. ನೂಲ ಹುಣ್ಣಿಮೆಗೆ ಮೊದಲು ಕೆಲಸ ಮುಗಿಯಬೇಕು.